ಬಡಿತದ ಮೂಲವನ್ನು ಅರಸಿದವನು: ಸರ್ ಹ್ಯಾರಿ ರಿಕಾರ್ಡೊ

ರಿಕಾರ್ಡೊ ಎಂಬ ಹೆಸರನ್ನು ಕೇಳಿದೊಡನೆ ಅರ್ಥಶಾಸ್ತ್ರದ ವಿದ್ಯಾರ್ಥಿಗಳಿಗೆ ಗೇಣಿ, ಕೂಲಿ, ಲಾಭಗಳ ಸಿದ್ಧಾಂತವನ್ನು ಬರೆದ ಡೇವಿಡ್ ರಿಕಾರ್ಡೊ ನೆನಪಿಗೆ ಬರುವುದು ಸಹಜ. ಆ ಡೇವಿಡ್ ರಿಕಾರ್ಡೊನ ಸೋದರನೊಬ್ಬನ ವಂಶದಲ್ಲಿ ಹುಟ್ಟಿದ ಇನ್ನೊಬ್ಬ ರಿಕಾರ್ಡೊ ಇದ್ದಾನೆ. ಎಂಜಿನಿಯರುಗಳ ಲೋಕದಲ್ಲಿ ಅವನ ಕೀರ್ತಿ ಹಿರಿಯನ ಕೀರ್ತಿಗೆ ಕಡಿಮೆಯದಲ್ಲ. ಪೆಟ್ರೋಲ್ ಎಂಜಿನ್ನಿನೊಳಗೆ ಬೆಂಕಿ ಹೇಗೆ ಹರಡುತ್ತದೆ, ಆ ಬೆಂಕಿ ಯಾವಾಗ ಸೇವಕನಾಗಿರುತ್ತದೆ, ಯಾವಾಗ ಶತ್ರುವಾಗುತ್ತದೆ ಎಂಬುದನ್ನು ತಿಳಿಯಲು ಸುಮಾರು ಅರವತ್ತು ವರ್ಷಗಳ ಕಾಲ ದುಡಿದವನು ಸರ್ ಹ್ಯಾರಿ ರಿಕಾರ್ಡೊ.

ಅವನ ಕೆಲಸದ ಬೆಲೆಯನ್ನು ಅರಿಯಬೇಕಾದರೆ ಇಂದಿನ ಯಾವುದಾದರೊಂದು ಮೋಟಾರು ಕಾರ್ಖಾನೆಯಲ್ಲಿ ನಡೆಯಬಹುದಾದ ಸಂಗತಿಯನ್ನು ಮನಸ್ಸಿಗೆ ತಂದುಕೊಳ್ಳಬೇಕು. ಎಂಜಿನ್ನಿನಿಂದ ಹೊರಬೀಳುವ ಬಿಸಿ ಹೊಗೆಯಿಂದ ಒಂದು ಚಕ್ರವನ್ನು ತಿರುಗಿಸಿ, ಅದೇ ದಂಡಕ್ಕೆ ಕೂಡಿದ ಇನ್ನೊಂದು ಚಕ್ರದಿಂದ ಗಾಳಿಯನ್ನು ಒತ್ತಿ ಎಂಜಿನ್ನಿಗೇ ತುಂಬುವ ಸಾಧನಕ್ಕೆ ಟರ್ಬೊ ಎಂದು ಹೆಸರು. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಖಿ ಎಂಬವನು ೧೯೦೫ರಲ್ಲಿ ಈ ಕಲ್ಪನೆಗೆ ಪೇಟೆಂಟ್ ಪಡೆದನು. ಹೆಚ್ಚು ಗಾಳಿ ಹೊಕ್ಕರೆ ಹೆಚ್ಚು ಪೆಟ್ರೋಲನ್ನು ಉರಿಸಬಹುದು. ಅದರಿಂದ ಹೆಚ್ಚು ಶಕ್ತಿ. ಇಂತಹ ಕಾರನ್ನು ಕೊಂಡ ಉತ್ಸಾಹಿಯೊಬ್ಬನು ತಯಾರಕರು ಇಟ್ಟ ಮಿತಿಯನ್ನು ಮೀರಿ ಗಾಳಿಯ ಒತ್ತಡವನ್ನು ಏರಿಸುತ್ತಾನೆ. ಕೆಲವು ದಿನ ಕಾರು ಬಾಣದಂತೆ ಓಡುತ್ತದೆ. ಒಂದು ದಿನ ಏರಿನಲ್ಲಿ ಲೋಹವನ್ನು ಸುತ್ತಿಗೆಯಿಂದ ಕುಟ್ಟಿದಂತಹ ಸದ್ದು, ಹಿಂದೆ ನೀಲಿ ಹೊಗೆ, ಶಕ್ತಿ ಮಾಯ. ಎಂಜಿನ್ನನ್ನು ಇಳಿಸಿ ಬಿಚ್ಚಿದಾಗ ಪಿಸ್ಟನ್ನಿನ ಮೇಲೆ, ರಿಂಗುಗಳು ಕೂರುವ ತೋಡುಗಳ ನಡುವಣ ತೆಳುವಾದ ಭಾಗ ಮುರಿದು ಬಿದ್ದಿರುತ್ತದೆ. ಪಿಸ್ಟನ್ ಬಲಹೀನವಾಗಿತ್ತು, ಗಟ್ಟಿಯಾದುದನ್ನು ಹಾಕಿದರೆ ಸರಿಹೋಗುವುದೆಂದು ಸುತ್ತ ನಿಂತವರು ತೀರ್ಪು ಕೊಡುತ್ತಾರೆ. ಗಟ್ಟಿಯಾದುದನ್ನು ಹಾಕಿದ ಮೇಲೆ ಅದೂ ಒಂದು ದಿನ ಮುರಿಯುತ್ತದೆ. ಏಕೆಂದರೆ ಮುರಿದ ಪಿಸ್ಟನ್ ಅಪರಾಧಿಯಲ್ಲ; ಅಪರಾಧವನ್ನು ಕಂಡ ಸಾಕ್ಷಿ. ಈ ವಿವೇಕವನ್ನು ಎಂಜಿನಿಯರುಗಳಿಗೆ ಕಲಿಸಿಕೊಟ್ಟವರಲ್ಲಿ ರಿಕಾರ್ಡೊ ಅಗ್ರಗಣ್ಯನು.

ಹ್ಯಾರಿ ರಾಲ್ಫ್ ರಿಕಾರ್ಡೊ ೧೮೮೫ನೆಯ ಇಸವಿ ಜನವರಿ ೨೬ರಂದು ಲಂಡನ್ನಿನಲ್ಲಿ ಜನಿಸಿದನು. ಅವನ ಮನೆತನಕ್ಕೆ ನಮ್ಮ ದೇಶದೊಡನೆ ಹತ್ತಿರದ ಸಂಬಂಧವಿತ್ತು. ತಂದೆ ಹ್ಯಾಲ್ಸಿ ರಿಕಾರ್ಡೊ ವಾಸ್ತುಶಿಲ್ಪಿ. ಕಲ್ಕತ್ತೆಗೆ ಹೋದವರೆಲ್ಲ ನೋಡಿರುವ ಹೌರಾ ರೈಲು ನಿಲ್ದಾಣದ ಕೆಂಪು ಕಟ್ಟಡ ಅವನ ಕೃತಿ. ತಾಯಿಯ ತಂದೆ ಸರ್ ಅಲೆಕ್ಸಾಂಡರ್ ರೆಂಡಲ್ ಭಾರತದ ರೈಲುಮಾರ್ಗಗಳಿಗೆ ಸಲಹೆಗಾರ ಎಂಜಿನಿಯರನಾಗಿದ್ದವನು. ಸಿಂಧೂ ನದಿಗೆ ಸಕ್ಕರಿನಲ್ಲಿ ಕಟ್ಟಿ ೧೮೮೯ರಲ್ಲಿ ತೆರೆದ ಲ್ಯಾನ್ಸ್‌ಡೌನ್ ಸೇತುವೆಯ ವಿನ್ಯಾಸ ಅವನದು. ೧೮೯೮ರಲ್ಲಿ ಈ ತಾತ ಒಂದು ಮೋಟಾರು ಗಾಡಿಯನ್ನು ಕೊಂಡನು. ಇಂಗ್ಲೆಂಡಿನಲ್ಲಿ ಮೋಟಾರು ಗಾಡಿ ಎಂಬುದೇ ಅಪರೂಪವಾಗಿದ್ದ ಆ ದಿನಗಳಲ್ಲಿ ಹದಿಮೂರು ವರ್ಷದ ಮೊಮ್ಮಗನಿಗೆ ಅದು ಬರಿಯ ವಾಹನವಾಗಿ ಕಾಣಲಿಲ್ಲ. ಬಿಚ್ಚಿ ನೋಡಬೇಕಾದ ಒಗಟಾಗಿ ಕಂಡಿತು.

ರಗ್ಬಿ ಶಾಲೆಯಲ್ಲಿ ಓದು ಮುಗಿಸಿ ೧೯೦೩ರಲ್ಲಿ ಅವನು ಕೇಂಬ್ರಿಡ್ಜಿನ ಟ್ರಿನಿಟಿ ಕಾಲೇಜನ್ನು ಸೇರಿದನು. ತಾತನಂತೆ ಸೇತುವೆಗಳನ್ನೂ ಬಂದರುಗಳನ್ನೂ ಕಟ್ಟುವ ಸಿವಿಲ್ ಎಂಜಿನಿಯರನಾಗಬೇಕೆಂಬುದು ಮನೆಯವರ ಎಣಿಕೆ. ಆದರೆ ಮರುವರ್ಷ ವಿಶ್ವವಿದ್ಯಾಲಯದ ಮೋಟಾರು ಸಂಘದವರು ಒಂದು ಸ್ಪರ್ಧೆಯನ್ನು ಏರ್ಪಡಿಸಿದರು. ಒಂದು ಕ್ವಾರ್ಟ್, ಎಂದರೆ ಒಂದು ಲೀಟರಿಗಿಂತ ತುಸು ಹೆಚ್ಚು, ಪೆಟ್ರೋಲಿನಲ್ಲಿ ಯಾರ ಯಂತ್ರ ಬಹುದೂರ ಹೋಗುವುದು ಎಂಬುದು ಪಣ. ರಿಕಾರ್ಡೊ ತಾನೇ ಕಟ್ಟಿದ ಒಂಟಿ ಸಿಲಿಂಡರಿನ ಮೋಟಾರು ಸೈಕಲ್ಲಿನ ಮೇಲೆ ನಲವತ್ತು ಮೈಲಿ ಹೋಗಿ ಗೆದ್ದನು. ಈ ಗೆಲುವು ಪ್ರಾಧ್ಯಾಪಕ ಬರ್ಟ್ರಮ್ ಹಾಪ್‌ಕಿನ್ಸನ್ನನ ಕಣ್ಣಿಗೆ ಬಿದ್ದಿತು. ಅವನು ಹುಡುಗನನ್ನು ತನ್ನ ಪ್ರಯೋಗಶಾಲೆಗೆ ಕರೆದುಕೊಂಡನು. ಸೇತುವೆಗಳ ಲೋಕ ಒಬ್ಬನನ್ನು ಕಳೆದುಕೊಂಡಿತು. ಎಂಜಿನ್ನುಗಳ ಲೋಕ ಒಬ್ಬನನ್ನು ಪಡೆಯಿತು.

ಆ ಕಾಲದ ಎಂಜಿನಿಯರುಗಳನ್ನು ಕಾಡುತ್ತಿದ್ದ ದೊಡ್ಡ ಪಿಡುಗೆಂದರೆ ನಾಕಿಂಗ್ ಎಂಬ ಬಡಿತ. ಸಿಲಿಂಡರಿನಲ್ಲಿ ಗಾಳಿ ಪೆಟ್ರೋಲುಗಳ ಮಿಶ್ರಣವನ್ನು ಹೆಚ್ಚು ಅದುಮಿದಷ್ಟೂ ಶಕ್ತಿ ಹೆಚ್ಚುತ್ತದೆ. ಆದರೆ ಒಂದು ಮಿತಿಯನ್ನು ದಾಟಿದೊಡನೆ ಎಂಜಿನ್ ಬಡಿದುಕೊಳ್ಳಲು ತೊಡಗಿ, ಬಿಸಿಯೇರಿ ಕೆಟ್ಟುಹೋಗುತ್ತದೆ. ಪ್ಲಗ್ ಕಿಡಿಯನ್ನು ಕೊಡುವುದಕ್ಕೆ ಮೊದಲೇ ಯಾವುದೋ ಕೆಂಪಗೆ ಕಾದ ಭಾಗ ಮಿಶ್ರಣಕ್ಕೆ ಬೆಂಕಿ ಹಚ್ಚುವುದರಿಂದ ಈ ಬಡಿತ ಉಂಟಾಗುತ್ತದೆಂದು ಹಲವರು ನಂಬಿದ್ದರು. ಹಾಪ್‌ಕಿನ್ಸನ್ನನೂ ಅವನ ಶಿಷ್ಯನೂ ಸಿಲಿಂಡರಿನೊಳಗಿನ ಒತ್ತಡದ ಏರಿಳಿತವನ್ನು ಬೆಳಕಿನ ರೇಖೆಯಾಗಿ ಬರೆಯುವ ಉಪಕರಣದಿಂದ ಈ ಸಂಗತಿಯನ್ನು ಪರೀಕ್ಷಿಸಿದರು. ಅವರಿಗೆ ಕಂಡದ್ದೇ ಬೇರೆ. ಇವು ಒಂದೇ ರೋಗದ ಎರಡು ಹೆಸರುಗಳಲ್ಲ. ಎರಡು ಬೇರೆ ಬೇರೆ ರೋಗಗಳು.

ಕಿಡಿ ಹಾರಿದ ಮೇಲೆ ಜ್ವಾಲೆ ಒಂದು ಅಲೆಯಂತೆ ಪ್ಲಗ್ಗಿನಿಂದ ಹೊರಟು ಗೋಡೆಗಳ ಕಡೆಗೆ ಸಾಗುತ್ತದೆ. ಹಿಂದಿನ ಉರಿದ ಅನಿಲ ಹಿಗ್ಗುತ್ತ ಮುಂದಿನ ಉರಿಯದ ಅನಿಲವನ್ನು ಒತ್ತುತ್ತದೆ; ಒತ್ತಿದಂತೆಲ್ಲ ಅದು ಕಾಯುತ್ತದೆ. ಎಲ್ಲವೂ ಸರಿಯಿದ್ದರೆ ಜ್ವಾಲೆಯೇ ಕಟ್ಟಕಡೆಯ ಮೂಲೆಯವರೆಗೂ ಹೋಗಿ ಅದನ್ನು ಉರಿಸುತ್ತದೆ. ಜ್ವಾಲೆ ತಲಪುವ ಮೊದಲೇ ಆ ಮೂಲೆಯ ಅನಿಲ ತಾಳಲಾರದಷ್ಟು ಕಾದರೆ, ಅದು ತಾನಾಗಿ, ಒಂದೇ ಗಳಿಗೆಯಲ್ಲಿ, ಸಿಡಿಯುತ್ತದೆ. ಆ ಸಿಡಿತದ ಅಲೆ ಗೋಡೆಗಳಿಗೆ ಅಪ್ಪಳಿಸಿದ ಸದ್ದೇ ನಾಕಿಂಗ್. ಇನ್ನೂ ಗಮನಿಸಬೇಕಾದ ಮಾತೊಂದಿದೆ. ಲೋಹದ ಮೈಗೆ ಅಂಟಿಕೊಂಡಿದ್ದು ಅದನ್ನು ಉರಿಯಿಂದ ಕಾಪಾಡುವ ತೆಳುವಾದ ಅನಿಲದ ಪೊರೆಯನ್ನು ಈ ಅಲೆ ಹರಿದುಹಾಕುತ್ತದೆ. ಆಗ ಶಾಖ ನೇರವಾಗಿ ಪಿಸ್ಟನ್ನಿಗೂ ಪ್ಲಗ್ಗಿಗೂ ಇಳಿಯುತ್ತದೆ, ಅವು ಕೆಂಪಗಾಗುತ್ತವೆ, ಆಮೇಲೆ ಕಿಡಿಗೆ ಕಾಯದೆ ಮಿಶ್ರಣಕ್ಕೆ ಬೆಂಕಿ ಹಚ್ಚುತ್ತವೆ. ಹೀಗೆ ಮೊದಲನೆಯ ರೋಗ ಎರಡನೆಯದನ್ನು ಹಡೆಯಬಲ್ಲುದು. ಕೊನೆಗೆ ಕಂಡದ್ದನ್ನೇ ಮೊದಲಿನದೆಂದು ಬಗೆದರೆ ಚಿಕಿತ್ಸೆ ತಪ್ಪುತ್ತದೆ.

ವಿದ್ಯಾಭ್ಯಾಸವಾದ ಮೇಲೆ ರಿಕಾರ್ಡೊ ತಾತನ ಸಂಸ್ಥೆಯಲ್ಲಿ ಕೆಲಸಕ್ಕೆ ಸೇರಿದನಾದರೂ ಎಂಜಿನ್ನುಗಳ ಗೀಳು ಬಿಡಲಿಲ್ಲ. ಅವನು ರೂಪಿಸಿದ ಎರಡು ಹೊಡೆತದ ಎಂಜಿನ್ನನ್ನು ಸೋದರ ಸಂಬಂಧಿಯೊಬ್ಬನು ಡಾಲ್ಫಿನ್ ಎಂಬ ಕಾರಿನಲ್ಲಿ ಅಳವಡಿಸಿ ಮಾರಲು ಹೊರಟನು. ಕಾರು ವ್ಯಾಪಾರದಲ್ಲಿ ಸೋತಿತು. ಆದರೆ ಅದೇ ಎಂಜಿನ್ ಶೋರ್‌ಹ್ಯಾಮಿನ ಬೆಸ್ತರ ದೋಣಿಗಳಿಗೆ ಒಗ್ಗಿತು. ೧೯೧೧ರಲ್ಲಿ ಅವನು ಚಿತ್ರಕಲೆಯ ವಿದ್ಯಾರ್ಥಿನಿಯಾಗಿದ್ದ ಬಿಯಾಟ್ರಿಸ್ ಹೇಲ್ ಎಂಬಾಕೆಯನ್ನು ಮದುವೆಯಾದನು.

ಮೊದಲನೆಯ ಮಹಾಯುದ್ಧ ಅವನ ವಿದ್ಯೆಯನ್ನು ಒರೆಗೆ ಹಚ್ಚಿತು. ೧೯೧೬ರಲ್ಲಿ ಬ್ರಿಟಿಷರು ರಣರಂಗಕ್ಕೆ ತಂದ ಟ್ಯಾಂಕುಗಳಲ್ಲಿ ೧೦೫ ಅಶ್ವಶಕ್ತಿಯ ಡೈಮ್ಲರ್ ಎಂಜಿನ್ ಇತ್ತು. ಅದರಲ್ಲಿ ಎರಡು ಕುಂದುಗಳಿದ್ದುವು: ಟ್ಯಾಂಕಿನ ಭಾರಕ್ಕೆ ಶಕ್ತಿ ಸಾಲದು, ನಿಂತಲ್ಲೇ ಸ್ವಲ್ಪ ಹೊತ್ತು ಓಡಿ ಮತ್ತೆ ಹೊರಟಾಗ ಮೋಡದಂತೆ ಹೊಗೆಯನ್ನು ಕಾರುತ್ತಿತ್ತು. ಕಾರ್ಖಾನೆಯಲ್ಲಿ ಹೊಗೆ ಒಂದು ಕಿರುಕುಳ, ಅಷ್ಟೆ. ರಣರಂಗದಲ್ಲಿ ಅದು ಶತ್ರುವಿನ ಫಿರಂಗಿಗಳಿಗೆ ಬೆರಳು ತೋರಿಸಿದಂತೆ. ಒಳಗೆ ಕುಳಿತವರ ಪ್ರಾಣ ಆ ಹೊಗೆಯ ಮೇಲೆ ನಿಂತಿತ್ತು.

ಎಣ್ಣೆ ಸಿಲಿಂಡರಿನ ಮೇಲ್ಭಾಗಕ್ಕೆ ಏರಿ ಉರಿಯುವುದೇ ಹೊಗೆಗೆ ಕಾರಣವೆಂಬುದು ಸ್ಪಷ್ಟವಿತ್ತು. ರಿಕಾರ್ಡೊ ಅಂದಿನ ಎಂಜಿನ್ನಿಗೆ ತೇಪೆ ಹಾಕುವ ಗೋಜಿಗೆ ಹೋಗದೆ ಹೊಸದನ್ನೇ ರೂಪಿಸಿದನು. ಉಗಿಯಂತ್ರಗಳಲ್ಲಿರುವಂತೆ ಪಿಸ್ಟನ್ನಿಗೂ ಕನೆಕ್ಟಿಂಗ್ ರಾಡಿಗೂ ನಡುವೆ ಕ್ರಾಸ್‌ಹೆಡ್ ಎಂಬ ಭಾಗವನ್ನಿಟ್ಟು, ಪಕ್ಕದ ನೂಕನ್ನು ಅದು ಹೊರುವಂತೆ ಮಾಡಿದನು. ಎಂಜಿನ್ನಿಗೆ ಹೋಗುವ ಗಾಳಿ ಮೊದಲು ಆ ಭಾಗವನ್ನೂ ಪಿಸ್ಟನ್ನಿನ ತಳವನ್ನೂ ಸುತ್ತಿ ತಂಪುಮಾಡುವಂತೆ ದಾರಿ ಮಾಡಿದನು. ಒಳ್ಳೆಯ ಪೆಟ್ರೋಲೆಲ್ಲ ವಿಮಾನಗಳಿಗೆ ಮೀಸಲಾಗಿದ್ದುದರಿಂದ ಟ್ಯಾಂಕಿಗೆ ಸಿಕ್ಕುತ್ತಿದ್ದುದು ಕೀಳು ದರ್ಜೆಯ ಇಂಧನ. ಅದನ್ನೇ ಕುಡಿದು ಬಡಿತವಿಲ್ಲದೆ ಈ ಎಂಜಿನ್ ೧೫೦ ಅಶ್ವಶಕ್ತಿಯನ್ನು ಕೊಟ್ಟಿತು. ೧೯೧೮ರ ಆಗಸ್ಟ್ ೮ರಂದು ಅಮಿಯೆನ್ಸ್ ಬಳಿ ಜರ್ಮನರ ಸಾಲನ್ನು ಭೇದಿಸಿದ ಮಾರ್ಕ್ ಐದನೆಯ ಟ್ಯಾಂಕುಗಳಲ್ಲಿ ಇದ್ದುದು ಇದೇ. ಅದೇ ತಿಂಗಳಿನಲ್ಲಿ ಗುರು ಹಾಪ್‌ಕಿನ್ಸನ್ ತಾನೇ ನಡೆಸುತ್ತಿದ್ದ ವಿಮಾನ ಬಿದ್ದು ಮೃತನಾದನು. ಯುದ್ಧ ಶಿಷ್ಯನಿಗೆ ಹೆಸರನ್ನು ಕೊಟ್ಟಿತು, ಗುರುವನ್ನು ಕಿತ್ತುಕೊಂಡಿತು.

ಯುದ್ಧ ಮುಗಿಯುವ ಹೊತ್ತಿಗೆ ರಿಕಾರ್ಡೊನ ಮನಸ್ಸು ಮತ್ತೆ ಬಡಿತದ ಕಡೆಗೆ ತಿರುಗಿತು. ಇಂಗ್ಲೆಂಡಿನ ದಕ್ಷಿಣ ಕಡಲತಡಿಯ ಶೋರ್‌ಹ್ಯಾಮಿನಲ್ಲಿ ಅವನು ತನ್ನ ಪ್ರಯೋಗಶಾಲೆಯನ್ನು ಕಟ್ಟಿದನು. ಪೆಟ್ರೋಲ್ ಕಂಪೆನಿಯೊಂದರ ಬೆಂಬಲದಿಂದ ಇ-೩೫ ಎಂಬ ವಿಚಿತ್ರವಾದ ಪರೀಕ್ಷಾ ಎಂಜಿನ್ ಅಲ್ಲಿ ಸಿದ್ಧವಾಯಿತು. ಅದು ಓಡುತ್ತಿರುವಾಗಲೇ ಸಿಲಿಂಡರನ್ನು ಮೇಲೆ ಕೆಳಗೆ ಸರಿಸಿ, ಮಿಶ್ರಣವನ್ನು ಎಷ್ಟು ಅದುಮಬೇಕೆಂಬುದನ್ನು ಬದಲಿಸಬಹುದಾಗಿತ್ತು. ಒಂದು ಇಂಧನವನ್ನು ಹಾಕಿ, ಬಡಿತ ಕೇಳಿಸುವವರೆಗೆ ಅದುಮುವುದು. ಆ ಮಿತಿಯನ್ನು ಬರೆದಿಟ್ಟುಕೊಂಡು ಇನ್ನೊಂದು ಇಂಧನವನ್ನು ಹಾಕುವುದು. ಹೆನ್ರಿ ಟಿಜರ್ಡ್, ಡೇವಿಡ್ ಪೈ ಎಂಬ ಇಬ್ಬರು ವಿದ್ವಾಂಸರು ಈ ಕೆಲಸದಲ್ಲಿ ಅವನಿಗೆ ಜೊತೆಗಾರರಾದರು. ಇಂಧನದ ಗುಣವನ್ನು ಟಾಲ್ವೀನ್ ಎಂಬ ದ್ರವದೊಡನೆ ಹೋಲಿಸಿ ಅಳೆಯುವ ಕ್ರಮ ಇಲ್ಲಿಂದ ಬಂದಿತು. ಇಂದು ಪೆಟ್ರೋಲ್ ಬಂಕುಗಳಲ್ಲಿ ನಾವು ಕಾಣುವ ಆಕ್ಟೇನ್ ಸಂಖ್ಯೆಗೆ ಈ ಕ್ರಮ ಅಣ್ಣನೆನ್ನಬಹುದು.

ಈ ಪರೀಕ್ಷೆಗಳಿಂದ ಒಂದು ಮೂಢನಂಬಿಕೆ ಬಯಲಾಯಿತು. ಹಗುರವಾದ ಪೆಟ್ರೋಲೇ ಉತ್ತಮ, ಭಾರವಾದುದು ಕೀಳು ಎಂದು ವ್ಯಾಪಾರಸ್ಥರು ತಕ್ಕಡಿಯಿಂದಲೇ ಗುಣವನ್ನು ನಿರ್ಣಯಿಸುತ್ತಿದ್ದರು. ಬೋರ್ನಿಯೊ ದ್ವೀಪದ ಭಾರವಾದ ಪೆಟ್ರೋಲನ್ನು ಬೇಡದ ಸರಕೆಂದು ಅಲ್ಲಿಯ ಕಾಡಿನಲ್ಲಿ ಸುಟ್ಟುಹಾಕುತ್ತಿದ್ದರು. ಬಡಿತವನ್ನು ತಡೆಯುವುದರಲ್ಲಿ ಅದಕ್ಕೆ ಸಮಾನವಾದುದು ಇಲ್ಲವೆಂಬಷ್ಟು ಒಳ್ಳೆಯದೆಂದು ರಿಕಾರ್ಡೊ ತೋರಿಸಿಕೊಟ್ಟನು. ಬೂದಿಯಾಗುತ್ತಿದ್ದುದು ಭಾಗ್ಯವೆಂದು ತಿಳಿಯಲು ಬೇಕಾದದ್ದು ಸರಿಯಾದ ಪ್ರಶ್ನೆಯೊಂದೇ.

ಇಂಧನದಷ್ಟೇ ಮುಖ್ಯವಾದುದು ಉರಿಯುವ ಕೋಣೆಯ ಆಕಾರ. ೧೯೧೯ರ ಸುಮಾರಿಗೆ ರಿಕಾರ್ಡೊ ರೂಪಿಸಿದ ಹೊಸ ಬಗೆಯ ಸಿಲಿಂಡರ್ ಹೆಡ್ಡಿನಲ್ಲಿ ಪ್ಲಗ್ಗಿನ ಸುತ್ತ ಜಾಗ ಹೆಚ್ಚು. ಅದರಿಂದ ದೂರದ ಕಡೆಯಲ್ಲಿ ಪಿಸ್ಟನ್ನಿಗೂ ಹೆಡ್ಡಿಗೂ ನಡುವೆ ಕೂದಲೆಳೆಯಷ್ಟು ಸಂದು. ಪಿಸ್ಟನ್ ಮೇಲೇರಿದಾಗ ಆ ಸಂದಿನ ಅನಿಲ ಹಿಂಡಲ್ಪಟ್ಟು ರಭಸದಿಂದ ಪ್ಲಗ್ಗಿನ ಕಡೆಗೆ ನುಗ್ಗಿ ಸುಳಿಯಾಗುತ್ತದೆ. ಸುಳಿಯಲ್ಲಿ ಜ್ವಾಲೆ ಬೇಗ ಹರಡುತ್ತದೆ. ಕೊನೆಯ ಮೂಲೆಯಲ್ಲಿ ಸಿಡಿಯುವುದಕ್ಕೆ ಉಳಿದ ಅನಿಲವೂ ಅತ್ಯಲ್ಪ, ಅದೂ ತಣ್ಣನೆಯ ಗೋಡೆಗಳ ನಡುವೆ. ಅಗ್ಗದ ಕಾರುಗಳ ಎಂಜಿನ್ನುಗಳು ಇದರಿಂದ ಹೊಸ ಕಸುವನ್ನು ಪಡೆದುವು. ಡೀಸೆಲ್ ಎಂಜಿನ್ನಿಗೂ ಅವನು ಸುಳಿಯ ತತ್ತ್ವವನ್ನು ಒಯ್ದನು. ಕಾಮೆಟ್ ಎಂಬ ಅವನ ಉರಿಕೋಣೆ ೧೯೩೦ರ ದಶಕದಲ್ಲಿ ಲಂಡನ್ನಿನ ಬಸ್ಸುಗಳನ್ನು ಓಡಿಸಿತು. ೧೯೨೯ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವವೂ ೧೯೪೮ರಲ್ಲಿ ಸರ್ ಪದವಿಯೂ ಅವನಿಗೆ ದೊರೆತುವು.

ರಿಕಾರ್ಡೊ ಹಿಡಿದ ದಾರಿಗಳೆಲ್ಲ ಗುರಿಯನ್ನು ಮುಟ್ಟಿದುವೆಂದು ಹೇಳಲಾಗದು. ಕಾದ ಎಕ್ಸಾಸ್ಟ್ ವಾಲ್ವೇ ಬಡಿತವನ್ನು ಪ್ರಚೋದಿಸುವ ಸ್ಥಳವೆಂದು ಕಂಡು, ವಾಲ್ವಿನ ಬದಲು ಸಿಲಿಂಡರಿನೊಳಗೆ ಜಾರುವ ತೋಳಿನಂತಹ ಕೊಳವೆಯನ್ನಿಡುವ ಸ್ಲೀವ್ ವಾಲ್ವ್ ಪದ್ಧತಿಗಾಗಿ ಅವನು ಬಹುಕಾಲ ದುಡಿದನು. ಎರಡನೆಯ ಮಹಾಯುದ್ಧದ ಬ್ರಿಸ್ಟಲ್ ಹರ್ಕ್ಯುಲಿಸ್, ನೇಪಿಯರ್ ಸೇಬರ್ ಎಂಬ ವಿಮಾನದ ಎಂಜಿನ್ನುಗಳು ಆ ಪದ್ಧತಿಯವು. ಆದರೆ ಉತ್ತಮವಾದ ಇಂಧನಗಳು ಬಂದು, ಒಳಗೆ ಸೋಡಿಯಂ ತುಂಬಿ ತಂಪಾಗಿಡುವ ವಾಲ್ವುಗಳು ಬಂದು, ಕೊನೆಗೆ ಜೆಟ್ ಎಂಜಿನ್ನೂ ಬಂದಮೇಲೆ ಸ್ಲೀವ್ ವಾಲ್ವಿನ ಕಾಲ ಮುಗಿಯಿತು. ಕಾರಣವನ್ನು ಸರಿಯಾಗಿ ಗುರುತಿಸಿದವನ ಪರಿಹಾರವೂ ಶಾಶ್ವತವಾಗಬೇಕೆಂಬ ನಿಯಮವಿಲ್ಲ.

ಇದೇ ಬಡಿತಕ್ಕೆ ಅಮೆರಿಕದಲ್ಲಿ ಬೇರೊಂದು ಮದ್ದು ಸಿಕ್ಕಿತು. ೧೯೨೧ರಲ್ಲಿ ಥಾಮಸ್ ಮಿಡ್ಜ್‌ಲಿ ಪೆಟ್ರೋಲಿಗೆ ಸೀಸದ ಸಂಯುಕ್ತವೊಂದನ್ನು ಚಿಟಿಕೆಯಷ್ಟು ಬೆರೆಸಿದರೆ ಬಡಿತ ನಿಲ್ಲುವುದೆಂದು ಕಂಡನು. ಮದ್ದು ಅಗ್ಗ, ಪರಿಣಾಮ ಅಚ್ಚರಿ. ಆದರೆ ಎಂಜಿನ್ನಿನ ಬಡಿತವನ್ನು ನಿಲ್ಲಿಸಿದ ಸೀಸ ಹೊಗೆಯೊಡನೆ ಹೊರಬಂದು ಮಕ್ಕಳ ಮಿದುಳಿಗೆ ವಿಷವಾಯಿತು. ಭಾರತದಲ್ಲಿ ೨೦೦೦ದಲ್ಲಿ ಅದು ನಿಂತಿತು. ಕಟ್ಟಕಡೆಯ ದೇಶವಾದ ಆಲ್ಜೀರಿಯದಲ್ಲಿ ನಿಂತುದು ೨೦೨೧ರಲ್ಲಿ. ರಿಕಾರ್ಡೊ ಮೆಚ್ಚಿದ ಇಂಧನಗಳಲ್ಲಿಯೂ ಬೆಂಜೀನಿನಂತಹ ಹಾನಿಕರ ವಸ್ತುಗಳಿದ್ದುವೆಂಬುದನ್ನು ಮರೆಯಬಾರದು. ಆದರೆ ಉರಿಕೋಣೆಯ ಆಕಾರವನ್ನೇ ತಿದ್ದಿ ಬಡಿತವನ್ನು ತಡೆದ ಅವನ ವಿಧಾನದಿಂದ ಯಾರ ಉಸಿರಿಗೂ ವಿಷ ಬೆರೆಯಲಿಲ್ಲ.

ಟರ್ಬೊ ಕಾರುಗಳ ಯುಗದ ಬಾಗಿಲು ತೆರೆದುದನ್ನು ಕಾಣುವವರೆಗೂ ರಿಕಾರ್ಡೊ ಬದುಕಿದ್ದನು. ೧೯೬೨ರಲ್ಲಿ ಅಮೆರಿಕದ ಓಲ್ಡ್ಸ್‌ಮೊಬೀಲ್ ಕಂಪೆನಿ ಜೆಟ್‌ಫೈರ್ ಎಂಬ ಟರ್ಬೊ ಕಾರನ್ನು ಮಾರುಕಟ್ಟೆಗೆ ತಂದಿತು. ಟರ್ಬೊ ಇದ್ದೂ ಅದರಲ್ಲಿ ಮಿಶ್ರಣವನ್ನು ಹತ್ತು ಪಾಲಿಗಿಂತ ಹೆಚ್ಚು ಅದುಮುತ್ತಿದ್ದುದರಿಂದ, ಬಡಿತವನ್ನು ತಡೆಯಲು ನೀರನ್ನೂ ಮಿಥೈಲ್ ಆಲ್ಕೊಹಾಲನ್ನೂ ಬೆರೆಸಿದ ದ್ರವವನ್ನು ಒಳಗೆ ಸಿಂಪಡಿಸಬೇಕಾಗಿತ್ತು. ನೀರಿನ ಸಿಂಚನ ಉರಿಯದ ಅನಿಲವನ್ನು ತಂಪಾಗಿಟ್ಟು ಬಡಿತವನ್ನು ದೂರವಿಡುವುದನ್ನು ರಿಕಾರ್ಡೊ ತನ್ನ ಪ್ರಯೋಗಗಳಲ್ಲಿ ಹಿಂದೆಯೇ ತೋರಿಸಿದ್ದನು. ಆದರೆ ಆ ದ್ರವದ ಡಬ್ಬಿಯನ್ನು ಆಗಾಗ ತುಂಬಬೇಕೆಂಬುದನ್ನು ಅನೇಕ ಮಾಲೀಕರು ಲಕ್ಷ್ಯಕ್ಕೆ ತಂದುಕೊಳ್ಳಲಿಲ್ಲ. ಎರಡು ವರ್ಷಗಳಲ್ಲಿ ಆ ಕಾರಿನ ತಯಾರಿಕೆಯೇ ನಿಂತಿತು. ೧೯೮೦ರ ದಶಕದ ಆರಂಭದಲ್ಲಿ ಸ್ವೀಡನ್ನಿನ ಸಾಬ್ ಕಂಪೆನಿ ಬಡಿತವನ್ನು ಕೇಳುವ ಒಂದು ಪುಟ್ಟ ಸಾಧನವನ್ನು ಎಂಜಿನ್ನಿನ ಮೈಗೆ ಬಿಗಿದು, ಬಡಿತ ಕೇಳಿದೊಡನೆ ಟರ್ಬೊ ಒತ್ತಡ ತಾನಾಗಿ ಇಳಿಯುವಂತೆ ಮಾಡಿತು. ಶೋರ್‌ಹ್ಯಾಮಿನಲ್ಲಿ ಇ-೩೫ರ ಪಕ್ಕದಲ್ಲಿ ಕಿವಿಗೊಟ್ಟು ನಿಂತವರ ಕೆಲಸವನ್ನು ಈಗ ಲಕ್ಷಾಂತರ ಕಾರುಗಳಲ್ಲಿ ಆ ಸಾಧನ ಮಾಡುತ್ತಿದೆ. ಕಾರನ್ನು ಮಾರ್ಪಡಿಸುವವರು ಬಹಳ ಸಲ ಮೊದಲು ಕಿವುಡಾಗಿಸುವುದು ಇದನ್ನೇ.

ಈಗ ಬಿಚ್ಚಿಟ್ಟ ಎಂಜಿನ್ನಿನ ಬಳಿಗೆ ಮರಳಿ ಬರೋಣ. ಅದನ್ನು ಓದಬಲ್ಲವನು ಮುರಿದ ತುಂಡನ್ನು ಎಸೆಯುವ ಮೊದಲು ಉಳಿದವನ್ನೆಲ್ಲ ಸಾಲಾಗಿ ಇಡುತ್ತಾನೆ. ಪಿಸ್ಟನ್ನಿನ ತಲೆಯ ಅಂಚಿನಲ್ಲಿ ಮರಳಿನಿಂದ ಉಜ್ಜಿದಂತಹ ಗುಳಿಗಳಿವೆಯೆ? ಪ್ಲಗ್ಗಿನ ಬಿಳಿಯ ಪಿಂಗಾಣಿಯ ಮೇಲೆ ಅಲ್ಯೂಮಿನಿಯಮ್ಮಿನ ಸಣ್ಣ ಚುಕ್ಕೆಗಳು ಅಂಟಿವೆಯೆ? ಕನೆಕ್ಟಿಂಗ್ ರಾಡಿನ ಬೇರಿಂಗಿನಲ್ಲಿ ಮೇಲಿನ ಅರ್ಧ ಮಾತ್ರ ಜಜ್ಜಿದಂತಿದೆಯೆ? ಹಾಗಿದ್ದರೆ ಅದು ಬಡಿತದ ಹಸ್ತಾಕ್ಷರ. ಪಿಸ್ಟನ್ನಿನ ತಲೆಯ ನಡುವೆ ಮೇಣ ಕರಗಿದಂತೆ ತೂತು ಬಿದ್ದಿದ್ದರೆ ಅದು ಕಿಡಿಗೆ ಮುಂಚಿನ ಉರಿ. ಅದಕ್ಕೆ ಹಿಂದೆ ಬಡಿತವಿತ್ತೆ ಎಂದು ಅಂಚುಗಳನ್ನು ಕೇಳಬೇಕು. ಬೇರಿಂಗುಗಳು ಸುತ್ತಲೂ ಗೀರಿ, ದಂಡ ನೀಲಿಗಟ್ಟಿದ್ದರೆ ಬೆಂಕಿ ನಿರಪರಾಧಿ. ಎಣ್ಣೆಯ ದಾರಿಯನ್ನು ಶೋಧಿಸಬೇಕು. ನಾಲ್ಕು ಸಿಲಿಂಡರುಗಳಲ್ಲಿ ಒಂದು ಮಾತ್ರ ಕೆಟ್ಟಿದ್ದರೆ ಅದಕ್ಕೆ ಪೆಟ್ರೋಲ್ ಸಾಕಷ್ಟು ಬಂದಿತೆ ಎಂದು ನೋಡಬೇಕು. ನಾಲ್ಕೂ ಕೆಟ್ಟಿದ್ದರೆ ದೋಷ ಎಲ್ಲಕ್ಕೂ ಸಾಮಾನ್ಯವಾದುದರಲ್ಲಿದೆ: ಗಾಳಿಯ ಒತ್ತಡ, ಕಿಡಿಯ ಹೊತ್ತು, ಇಂಧನದ ಗುಣ. ಗಟ್ಟಿಯಾದ ಪಿಸ್ಟನ್ ಹಾಕುವುದರಿಂದ ಈ ಪ್ರಶ್ನೆಗಳಲ್ಲಿ ಒಂದಕ್ಕೂ ಉತ್ತರ ದೊರೆಯುವುದಿಲ್ಲ. ಉತ್ತರ ಕೇಳುವ ದಿನ ಮುಂದೆ ಹೋಗುತ್ತದೆ, ಅಷ್ಟೆ.

ರಿಕಾರ್ಡೊ ೧೯೬೮ರಲ್ಲಿ ತನ್ನ ಬಾಳಿನ ನೆನಪುಗಳನ್ನು ಪುಸ್ತಕವಾಗಿ ಪ್ರಕಟಿಸಿದನು. ೧೯೭೪ರಲ್ಲಿ, ಎಂಬತ್ತೊಂಬತ್ತನೆಯ ವಯಸ್ಸಿನಲ್ಲಿ, ಬಿದ್ದು ಕಾಲು ಮುರಿದುಕೊಂಡನು. ಆರು ವಾರಗಳ ಮೇಲೆ, ಮೇ ೧೮ರಂದು, ತೀರಿಕೊಂಡನು. ಅವನು ಕಟ್ಟಿದ ಪ್ರಯೋಗಶಾಲೆ ಅವನ ತರುವಾಯವೂ ನಡೆಯಿತು. ೨೦೧೧ರಿಂದ ಮ್ಯಾಕ್‌ಲಾರೆನ್ ಕಾರುಗಳ ಎರಡು ಟರ್ಬೊಗಳುಳ್ಳ ಎಂಟು ಸಿಲಿಂಡರಿನ ಎಂಜಿನ್ನುಗಳನ್ನು ಶೋರ್‌ಹ್ಯಾಮಿನಲ್ಲಿಯೇ ಜೋಡಿಸಲಾಯಿತು. ವಿದ್ಯುತ್ತಿನಿಂದ ಓಡುವ ಕಾರುಗಳು ಬರುತ್ತಿರುವ ಈ ದಿನಗಳಲ್ಲಿ ಪೆಟ್ರೋಲ್ ಎಂಜಿನ್ ಇನ್ನೆಷ್ಟು ಕಾಲ ಬಾಳುವುದೆಂದು ಕೇಳುವವರಿದ್ದಾರೆ. ಅದು ಅಳಿದರೂ ರಿಕಾರ್ಡೊನ ಪಾಠ ಅಳಿಯದು. ಮೊದಲು ಮುರಿದು ಬಿದ್ದುದರ ಮೇಲೆ ತಪ್ಪನ್ನು ಹೊರಿಸುವುದು ಸುಲಭ. ಯಂತ್ರಗಳಲ್ಲಿಯೂ ಹಾಗೆಯೇ, ಮನುಷ್ಯರಲ್ಲಿಯೂ ಹಾಗೆಯೇ. ಅದು ಮುರಿಯುವಂತೆ ಬಡಿದುದು ಯಾವುದೆಂದು ತಾಳ್ಮೆಯಿಂದ ಹಿಂದಕ್ಕೆ ಹಿಂದಕ್ಕೆ ಕೇಳುತ್ತ ಹೋಗುವುದು ಕಷ್ಟ. ಹ್ಯಾರಿ ರಿಕಾರ್ಡೊ ತನ್ನ ಆಯುಷ್ಯವನ್ನೆಲ್ಲ ಆ ಕಷ್ಟದ ದಾರಿಯಲ್ಲಿ ನಡೆದನು.